ಯಹೂದಿ ಹಬ್ಬಗಳನ್ನು ತಿಳಿಯಲು ಎಲ್ಲಿಂದ ಶುರು ಮಾಡಲಿ? ಮೊದಲು ಧಾಟಿ ಕೇಳಿ

ನಿಮ್ಮ ಪ್ರಶ್ನೆ ಇಷ್ಟು: ಯಹೂದಿ ಹಬ್ಬಗಳನ್ನು ಅವರ ಗ್ರಂಥ, ಹಾಡು, ಆಚರಣೆಗಳ ಮೂಲಕ ತಿಳಿಯಬೇಕು, ಹೀಬ್ರೂ ಬರುವುದಿಲ್ಲ, ಎಲ್ಲಿಂದ ಶುರು ಮಾಡಲಿ? ನಾನು ಓದಿದ ಪಂಡಿತೆ ಅಲ್ಲ. ಉಡುಪಿ ಕಡೆಯವಳು. ನಮ್ಮ ಕರಾವಳಿಯಿಂದ ಎಷ್ಟೋ ಜನ ಇಸ್ರೇಲ್‌ಗೆ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗುತ್ತಾರಲ್ಲ, ಹಾಗೇ ಹೋಗಿ ಆರು ವರ್ಷ ಹೈಫಾದಲ್ಲಿ ಒಬ್ಬ ಅಜ್ಜಿಯ ಮನೆಯಲ್ಲಿದ್ದೆ. ಅವರು ಹುಟ್ಟಿದ್ದು ಪೋಲೆಂಡಿನಲ್ಲಿ. ನಾನು ಕರೆಯುತ್ತಿದ್ದದ್ದು ಸಾವ್ತಾ ಎಂದು. ಹೀಬ್ರೂನಲ್ಲಿ ಅಜ್ಜಿ ಅಂತಲೇ ಅರ್ಥ. ನನಗೆ ಗೊತ್ತಿರುವುದೆಲ್ಲ ಅವರ ಅಡುಗೆಮನೆಯಲ್ಲಿ, ಅವರ ವೀಲ್‌ಚೇರ್ ತಳ್ಳಿಕೊಂಡು ಹೋದ ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ ಕಲಿತದ್ದು.

ನನ್ನ ಸಲಹೆ ಒಂದೇ. ಎಲ್ಲ ಹಬ್ಬಗಳ ಪಟ್ಟಿ ಹಿಡಿದು ಕೂರಬೇಡಿ. ಒಂದು ಹಬ್ಬ ಆರಿಸಿಕೊಳ್ಳಿ. ಆ ದಿನ ಓದುವ ಪುಸ್ತಕವನ್ನು ಕನ್ನಡದಲ್ಲೇ ಓದಿ. ಆಮೇಲೆ ಅದೇ ಪುಸ್ತಕವನ್ನು ಅವರು ಯಾವ ಧಾಟಿಯಲ್ಲಿ ಓದುತ್ತಾರೆ ಅಂತ ಯೂಟ್ಯೂಬ್‌ನಲ್ಲಿ ಕೇಳಿ. ಯಾಕೆಂದರೆ ಸಿನಗಾಗ್‌ನಲ್ಲಿ ಗ್ರಂಥವನ್ನು ಸುಮ್ನೆ ಓದುವುದಿಲ್ಲ, ರಾಗವಾಗಿ ಓದುತ್ತಾರೆ. ಪ್ರತಿ ಪದಕ್ಕೂ ಸ್ವರದ ಗುರುತು ಇದೆ. ಆದರೆ ಓದುವ ಸುರುಳಿಯಲ್ಲಿ ಆ ಗುರುತು ಬರೆದಿರುವುದಿಲ್ಲ. ಓದುವವರು ಮೊದಲೇ ಬಾಯಿಪಾಠ ಮಾಡಿಕೊಂಡು ಬರಬೇಕು. ಹಬ್ಬ ಬದಲಾದರೆ ಧಾಟಿಯೂ ಬದಲು.

ಐದು ಹಬ್ಬಗಳಿಗೆ ಐದು ಚಿಕ್ಕ ಪುಸ್ತಕಗಳಿವೆ. ಕನ್ನಡ ಬೈಬಲ್‌ನ ಹಳೆಯ ಒಡಂಬಡಿಕೆಯಲ್ಲಿ ಎಲ್ಲವೂ ಸಿಗುತ್ತವೆ. ಪೆಸಾಖ್‌ಗೆ ಪರಮಗೀತೆ, ಶಾವುಓತ್‌ಗೆ ರೂತಳ ಕಥೆ, ಜೆರುಸಲೇಮಿನ ದೇವಾಲಯ ಬಿದ್ದ ದಿನವಾದ ತಿಶಾ ಬೆ ಆವ್‌ಗೆ ಪ್ರಲಾಪಗಳು, ಸುಕ್ಕೋತ್‌ಗೆ ಪ್ರಸಂಗಿ, ಪೂರಿಮ್‌ಗೆ ಎಸ್ತೇರಳು. ನನ್ನನ್ನು ಕೇಳಿದರೆ ಎಸ್ತೇರಳಿಂದ ಶುರು ಮಾಡಿ. ಒಂದು ಗಂಟೆಯಲ್ಲಿ ಓದಿ ಮುಗಿಸಬಹುದು. ಪರ್ಷಿಯಾದ ಅರಮನೆ, ಮಂತ್ರಿ ಹಾಮಾನನ ಒಳಸಂಚು, ಯಹೂದಿ ಹುಡುಗಿಯೊಬ್ಬಳು ರಾಣಿಯಾಗಿ ತನ್ನ ಜನರನ್ನು ಉಳಿಸುವುದು, ಒಳ್ಳೇ ಯಕ್ಷಗಾನ ಪ್ರಸಂಗಕ್ಕೆ ಬೇಕಾದ್ದೆಲ್ಲ ಇದೆ. ಇಡೀ ಪುಸ್ತಕದಲ್ಲಿ ದೇವರ ಹೆಸರು ಒಂದು ಸಲವೂ ಬರುವುದಿಲ್ಲ. ಆದರೆ ನಮ್ಮ ದೇಶದ ಹೆಸರು ಮೊದಲ ವಾಕ್ಯದಲ್ಲೇ ಬರುತ್ತದೆ! ರಾಜ ಅಹಷ್ವೇರೋಷ ‘ಹೋದು’ವಿನಿಂದ ಕೂಷ್‌ವರೆಗೆ 127 ಸಂಸ್ಥಾನಗಳನ್ನು ಆಳುತ್ತಿದ್ದ ಅಂತ. ಹೋದು ಅಂದರೆ ಭಾರತ. ಆ ವಾಕ್ಯ ಬಂದಾಗಲೆಲ್ಲ ಸಾವ್ತಾ ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದರು.

ಪೂರಿಮ್ ರಾತ್ರಿ ಸಿನಗಾಗ್ ಅಂದರೆ ಗಲಾಟೆಯೋ ಗಲಾಟೆ. ಮಕ್ಕಳು ವೇಷ ಹಾಕಿಕೊಂಡು ಬರುತ್ತಾರೆ. ಹಾಮಾನನ ಹೆಸರು ಬಂದ ಕೂಡಲೇ ಗಿರಗಟ್ಟೆ ತಿರುಗಿಸಿ, ಕಾಲು ಬಡಿದು ಆ ಹೆಸರು ಕೇಳದ ಹಾಗೆ ಮಾಡುತ್ತಾರೆ. ಅವನ ಹತ್ತು ಮಕ್ಕಳ ಹೆಸರನ್ನು ಒಂದೇ ಉಸಿರಿನಲ್ಲಿ ಓದಬೇಕು. ಧಾಟಿಯೂ ಹಾಗೇ, ಕಥೆ ಹೇಳುವ ಲಘು ಧಾಟಿ. ಆದರೆ ಮೊದಲ ಅಧ್ಯಾಯದಲ್ಲೇ ಒಂದು ಕಡೆ ಓದುವವರ ದನಿ ಇದ್ದಕ್ಕಿದ್ದ ಹಾಗೆ ಕೆಳಗಿಳಿಯಿತು. ರಾಜನ ಔತಣದಲ್ಲಿ ಬಗೆಬಗೆಯ ಬಂಗಾರದ ಪಾತ್ರೆಗಳಲ್ಲಿ ಕುಡಿಯಲು ಕೊಟ್ಟರು ಎನ್ನುವ ಸಾಲು ಅದು. ಔತಣದ ಮಧ್ಯೆ ಅಳುವ ರಾಗ ಯಾಕೆ? ನನಗೆ ಅರ್ಥ ಆಗಲಿಲ್ಲ.

ಮನೆಗೆ ಬಂದ ಮೇಲೆ ಸಾವ್ತಾ ಹೇಳಿದರು. ಅದು ಪ್ರಲಾಪಗಳ ರಾಗ. ತಿಶಾ ಬೆ ಆವ್ ದಿನ ದೀಪ ಕಡಿಮೆ ಮಾಡಿ, ನೆಲದ ಮೇಲೆ ಕೂತು ಓದುವ ರಾಗ. ಆ ಪಾತ್ರೆಗಳು ಜೆರುಸಲೇಮಿನ ದೇವಾಲಯದಿಂದ ಕೊಳ್ಳೆ ಹೊಡೆದವು ಎಂದು ಹಿಂದಿನವರ ನಂಬಿಕೆ. ಪುಸ್ತಕದಲ್ಲಿ ಎಲ್ಲೂ ಹಾಗೆ ಬರೆದಿಲ್ಲ. ರಾಗ ಮಾತ್ರ ಹೇಳುತ್ತದೆ. ಮುಂದಿನ ಅಧ್ಯಾಯದಲ್ಲಿ ಎಸ್ತೇರಳನ್ನು ಸಾಕಿದ ಬಂಧು ಮೊರ್ದೆಕೈಯ ಮನೆತನ ಜೆರುಸಲೇಮಿನಿಂದ ಸೆರೆಯಾಗಿ ಬಂದದ್ದು ಎನ್ನುವ ಸಾಲಿಗೂ ಅದೇ ರಾಗ. ಒಂದು ಸಾಲು ಮುಗಿದ ತಕ್ಷಣ ಮತ್ತೆ ಖುಷಿಯ ಧಾಟಿ. ನೀವು ಎಷ್ಟು ಅನುವಾದ ಓದಿದರೂ ಇದು ಸಿಗುವುದಿಲ್ಲ. ಅದಕ್ಕೇ ಧಾಟಿ ಕೇಳಿ ಅಂದದ್ದು. ಇದು ಯುರೋಪಿನ ಕಡೆಯ ಯಹೂದಿಗಳ, ಅಂದರೆ ಅಶ್ಕೆನಾಜಿಗಳ ಪದ್ಧತಿ. ಇರಾಕ್, ಮೊರೊಕ್ಕೊ ಕಡೆಯವರ ಧಾಟಿಗಳೇ ಬೇರೆ. ಎರಡನ್ನೂ ಕೇಳಿ.

ಎರಡನೆಯದಾಗಿ ಯೋಮ್ ಕಿಪ್ಪೂರ್, ಅಂದರೆ ಪ್ರಾಯಶ್ಚಿತ್ತದ ದಿನ. ಸುಮಾರು 25 ಗಂಟೆ ನೀರೂ ಇಲ್ಲದ ಉಪವಾಸ. ಇಸ್ರೇಲ್‌ನಲ್ಲಿ ಆ ದಿನ ರಸ್ತೆಯಲ್ಲಿ ಕಾರೇ ಇರುವುದಿಲ್ಲ. ಮಕ್ಕಳು ಹೆದ್ದಾರಿಯಲ್ಲಿ ಸೈಕಲ್ ಹೊಡೆಯುತ್ತಾರೆ. ಹಿಂದಿನ ಸಂಜೆ ಸೂರ್ಯ ಮುಳುಗುವ ಮೊದಲು ‘ಕೋಲ್ ನಿದ್ರೆ’ ಹಾಡುತ್ತಾರೆ. ಹೆಸರು ಕೇಳಿ ನಿದ್ರೆಯ ಹಾಡು ಅಂದುಕೊಳ್ಳಬೇಡಿ, ನಾನು ಅಂದುಕೊಂಡಿದ್ದೆ. ‘ಎಲ್ಲ ಹರಕೆಗಳು’ ಎಂದು ಅರ್ಥ, ಭಾಷೆ ಅರಮೇಯಿಕ್. ಅಕ್ಷರ ನೋಡಿದರೆ ಕೋರ್ಟ್ ಕಾಗದದ ಹಾಗಿದೆ: ದೇವರಿಗೆ ಕೊಟ್ಟು ನಡೆಸಲಾಗದ ಹರಕೆ, ಆಣೆಗಳೆಲ್ಲ ರದ್ದು. ಪ್ರಾರ್ಥನೆಯೇ ಅಲ್ಲ. ಆದರೆ ಮೂರು ಸಲ, ಪ್ರತಿ ಸಲವೂ ದನಿ ಏರಿಸುತ್ತಾ ಹಾಡುವಾಗ ಮೈ ಜುಮ್ಮೆನ್ನುತ್ತದೆ. ಈ ರಾಗ ಹಿಡಿದು 1880ರಲ್ಲಿ ಜರ್ಮನಿಯ ಮ್ಯಾಕ್ಸ್ ಬ್ರೂಖ್ ಚೆಲ್ಲೋ ವಾದ್ಯಕ್ಕೆ ಒಂದು ಕೃತಿ ಮಾಡಿದ. ಅವನು ಯಹೂದಿ ಅಲ್ಲ, ಪ್ರಾಟೆಸ್ಟಂಟ್ ಕ್ರೈಸ್ತ. ಚೆಂದ ಇದೆ, ಕೇಳಿ. ಆದರೆ ಮೊದಲು ಸಿನಗಾಗ್‌ನ ಹಾಡುಗಾರ ಹಾಡಿದ್ದನ್ನು ಕೇಳಿ.

ಆ ರದ್ದತಿ ದೇವರ ಜೊತೆಗಿನ ಲೆಕ್ಕಕ್ಕೆ ಮಾತ್ರ. ಮನುಷ್ಯರಿಗೆ ಮಾಡಿದ ತಪ್ಪಿಗೆ ಆ ಮನುಷ್ಯರ ಹತ್ತಿರವೇ ಕ್ಷಮೆ ಕೇಳಬೇಕು ಎಂದು ಮಿಶ್ನಾ ಎನ್ನುವ ಅವರ ಹಳೆಯ ಗ್ರಂಥ ಹೇಳುತ್ತದೆ. ಹಾಗಾಗಿ ಹಿಂದಿನ ದಿನ ಸಾವ್ತಾ ಫೋನ್ ಹಿಡಿದು ಕೂರುತ್ತಿದ್ದರು. ತಂಗಿಗೆ, ಮಗನಿಗೆ, ಕೆಳಗಿನ ಮನೆಯವರಿಗೆ. ಕೊನೆಗೆ ನನಗೆ. ಔಷಧಿ ಕೊಡುವಾಗ ದಿನಾ ಬೈಯುತ್ತಿದ್ದರಲ್ಲ, ಅದಕ್ಕೆ. ಹಬ್ಬ ಮುಗಿದ ಮಾರನೇ ದಿನ ಮತ್ತೆ ಬೈಗುಳ ಶುರು, ಅದು ಬೇರೆ ವಿಷಯ.

ಅದಕ್ಕೂ ಒಂಬತ್ತು ದಿನ ಮೊದಲು ಹೊಸ ವರ್ಷ, ರೋಶ್ ಹಷಾನಾ. ಆಗ ಟಗರಿನ ಕೊಂಬು ಊದುತ್ತಾರೆ, ಅದರ ಹೆಸರು ಶೋಫಾರ್. ಒಂದು ಉದ್ದ ಕೂಗು, ಆಮೇಲೆ ಮೂರು ನರಳಿಕೆ, ಆಮೇಲೆ ಬಿಕ್ಕಿಬಿಕ್ಕಿ ಅತ್ತಂತೆ ಚಿಕ್ಕ ಚಿಕ್ಕ ದನಿ. ಕೊಂಬಿನ ದನಿ ನರಳಿದ ಹಾಗಿರಬೇಕೋ ಬಿಕ್ಕಿದ ಹಾಗಿರಬೇಕೋ ಎಂದು ತಾಲ್ಮುದ್ ಎನ್ನುವ ಅವರ ಧರ್ಮಚರ್ಚೆಯ ಗ್ರಂಥದಲ್ಲಿ ಚರ್ಚೆ ಇದೆ. ಅಲ್ಲಿ ಉದಾಹರಣೆಗೆ ತೆಗೆದುಕೊಂಡದ್ದು ಯಾರನ್ನು ಗೊತ್ತಾ? ಸೀಸೆರ ಎಂಬ ಸೇನಾಪತಿಯ ತಾಯಿಯನ್ನು. ಅವನು ಇವರ ಶತ್ರು. ಯುದ್ಧಕ್ಕೆ ಹೋದ ಮಗ ಇನ್ನೂ ಬರಲಿಲ್ಲವಲ್ಲ ಎಂದು ಕಿಟಕಿಯಲ್ಲಿ ಕಾಯುತ್ತಿದ್ದ ಶತ್ರುವಿನ ತಾಯಿಯ ಅಳು ಇವರ ಹೊಸ ವರ್ಷದ ದನಿಯಾಗಿದೆ. ಕನ್ನಡ ಬೈಬಲ್‌ನಲ್ಲಿ ನ್ಯಾಯಸ್ಥಾಪಕರು ಐದನೇ ಅಧ್ಯಾಯ ಓದಿ ಶೋಫಾರ್ ಕೇಳಿ. ನಾನು ಆ ಅಧ್ಯಾಯ ಓದಿದ ಮೇಲೆ ಕೊಂಬಿನ ದನಿ ಮೊದಲಿನ ಹಾಗೆ ಕೇಳಿಸಲೇ ಇಲ್ಲ.

ಸುಕ್ಕೋತ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಂಗಳದಲ್ಲೋ ಬಾಲ್ಕನಿಯಲ್ಲೋ ಸೊಪ್ಪಿನ ಚಪ್ಪರ ಹಾಕಿ ಅದರಲ್ಲಿ ಊಟ. ಕೈಯಲ್ಲಿ ಖರ್ಜೂರದ ಸುಳಿಗರಿ ಮತ್ತು ಎತ್ರೋಗ್ ಎಂಬ ಹಣ್ಣು ಹಿಡಿಯುತ್ತಾರೆ. ನೋಡಿದರೆ ನಮ್ಮ ಮಾದಳದ ಹಣ್ಣು! ಹನುಕ್ಕಾ ನಿಮಗೆ ಸಿನಿಮಾಗಳಿಂದ ಗೊತ್ತಿರಬಹುದು. ಎಂಟು ದಿನ ದೀಪ, ಎಣ್ಣೆಯಲ್ಲಿ ಕರಿದ ತಿಂಡಿ. ಅದರ ಕಥೆ ಅವರ ಬೈಬಲ್‌ನಲ್ಲಿ ಇಲ್ಲವೇ ಇಲ್ಲ. ಹಬ್ಬಗಳ ತಾರೀಕು ಪ್ರತಿ ವರ್ಷ ಹಿಂದೆ ಮುಂದೆ ಆಗುತ್ತದೆ ಎಂದು ಗಾಬರಿಯಾಗಬೇಡಿ. ಅವರದೂ ಚಾಂದ್ರ ತಿಂಗಳು. ನಮ್ಮ ಅಧಿಕ ಮಾಸದ ಹಾಗೆ 19 ವರ್ಷಕ್ಕೆ ಏಳು ಸಲ ಒಂದು ತಿಂಗಳು ಸೇರಿಸುತ್ತಾರೆ. ಹಬ್ಬ ಶುರುವಾಗುವುದು ಮಾತ್ರ ಬೆಳಿಗ್ಗೆ ಅಲ್ಲ, ಹಿಂದಿನ ಸಂಜೆ.

ಭಾರತದಲ್ಲೇ ನೋಡಬೇಕು ಅಂದರೆ ಕೊಚ್ಚಿಯಲ್ಲಿ 1568ರ ಪರದೇಸಿ ಸಿನಗಾಗ್ ಇದೆ. ಕೊಚ್ಚಿಯ ಯಹೂದಿ ಹೆಂಗಸರು ಮಲಯಾಳಂನಲ್ಲಿ ಹಾಡು ಕಟ್ಟಿ ನೋಟ್‌ಬುಕ್‌ಗಳಲ್ಲಿ ಬರೆದಿಟ್ಟುಕೊಂಡಿದ್ದರು, ಅವನ್ನೂ ಹುಡುಕಿ. ಕೊಂಕಣ, ಮುಂಬೈಯ ಬೆನೆ ಇಸ್ರೇಲಿಗಳ ಮನೆಮಾತು ಮರಾಠಿ. ಯೋಮ್ ಕಿಪ್ಪೂರ್‌ಗೆ ಅವರು ಹಿಂದೆ ಇಟ್ಟಿದ್ದ ಹೆಸರಿನ ಅರ್ಥ ‘ಬಾಗಿಲು ಮುಚ್ಚುವ ಹಬ್ಬ’. ಪ್ರವಾದಿ ಎಲೀಯನ ಹೆಸರಿನಲ್ಲಿ ಅವರು ಮಲೀದಾ ಮಾಡುತ್ತಾರೆ: ಅವಲಕ್ಕಿ, ಕಾಯಿತುರಿ, ಸಿಹಿ, ಹಣ್ಣು. ಹೈಫಾದ ಮಾರ್ಕೆಟ್‌ನಲ್ಲಿ ಪರಿಚಯವಾದ ಒಬ್ಬ ಬೆನೆ ಇಸ್ರೇಲಿ ಅಕ್ಕ ಅದನ್ನು ಕೊಟ್ಟಾಗ ನಮ್ಮ ಮನೆಯ ಪಂಚಕಜ್ಜಾಯದ ನೆನಪಾಯಿತು.

ಇನ್ನು ಪೆಸಾಖ್, ಕನ್ನಡ ಬೈಬಲ್‌ನ ಪಸ್ಕ ಹಬ್ಬ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪು. ಇದಕ್ಕೆ ಸಿನಗಾಗ್ ಬೇಡ, ಊಟದ ಮೇಜೇ ಸಾಕು. ಹಗ್ಗಾದಾ ಎಂಬ ಪುಸ್ತಕ ನೋಡಿಕೊಂಡು ಓದುತ್ತಾರೆ, ಹಾಡುತ್ತಾರೆ, ಕಹಿ ಸೊಪ್ಪು ತಿನ್ನುತ್ತಾರೆ, ನಾಲ್ಕು ಲೋಟ ವೈನ್ ಕುಡಿಯುತ್ತಾರೆ. ‘ಈ ರಾತ್ರಿ ಉಳಿದ ರಾತ್ರಿಗಳಿಗಿಂತ ಯಾಕೆ ಬೇರೆ?’ ಎಂದು ಮನೆಯ ಅತಿ ಚಿಕ್ಕವರು ಹಾಡಿ ಕೇಳಬೇಕು. ಉತ್ತರವಾಗಿ ಇಡೀ ಕಥೆ. 2020ರಲ್ಲಿ ಕೊರೋನಾ ಲಾಕ್‌ಡೌನ್, ಮೊಮ್ಮಕ್ಕಳು ಬರುವಂತಿಲ್ಲ. ಮನೆಯಲ್ಲಿ ನಾವಿಬ್ಬರೇ. ಚಿಕ್ಕವಳು ಅಂದರೆ ನಾನು, ವಯಸ್ಸು 41. ಒಂದು ವಾರ ಸಾವ್ತಾ ಪಾಠ ಮಾಡಿಸಿದರು. ‘ಮಾ ನಿಷ್ತನಾ’ ಹಾಡಿದೆ. ಉಚ್ಚಾರ ಎರಡು ಸಲ ತಿದ್ದಿದರು, ಮೂರನೇ ಸಲ ಸುಮ್ಮನಾದರು.

ಊಟದ ಮೇಲೆ ಕೀರ್ತನೆಗಳು ಬರುತ್ತವೆ. 118ನೇ ಕೀರ್ತನೆ ಶುರುವಾಗುವುದೇ ‘ಹೋದು’ ಎಂದು. ಮೊದಲ ವರ್ಷ ನಾನು ನಮ್ಮ ದೇಶವನ್ನೇ ಹೊಗಳುತ್ತಿದ್ದಾರೆ ಎಂದು ಖುಷಿಪಟ್ಟಿದ್ದೆ. ಅಲ್ಲಿ ಅದರ ಅರ್ಥ ‘ಕೃತಜ್ಞತೆ ಹೇಳಿರಿ’ ಅಂತೆ. ಮೊಮ್ಮಗ ಇನ್ನೂ ಒಂದು ಸೇರಿಸಿದ: ಟರ್ಕಿ ಕೋಳಿಗೆ ಹೀಬ್ರೂನಲ್ಲಿ ‘ಹೋದುವಿನ ಕೋಳಿ’ ಅನ್ನುತ್ತಾರೆ ಎಂದು. ಎಲ್ಲರೂ ನಕ್ಕಿದ್ದೇ ನಕ್ಕಿದ್ದು.

ಒಂದು ಕಷ್ಟ ಮಾತ್ರ ಮೊದಲೇ ಹೇಳುತ್ತೇನೆ. ಏಳು ದಿನ ಬ್ರೆಡ್ ಇಲ್ಲ, ಹುಳಿ ಬಂದದ್ದು ಯಾವುದೂ ಇಲ್ಲ. ಅಶ್ಕೆನಾಜಿ ಮನೆಯಲ್ಲಿ ಅನ್ನವೂ ಇಲ್ಲ! ಕರಾವಳಿಯವಳಿಗೆ ಏಳು ದಿನ ಅನ್ನ ಇಲ್ಲದೆ ಹೇಗೆ ಹೇಳಿ. ಎದುರು ಮನೆಯ ಇರಾಕಿ ಯಹೂದಿಗಳು ತಿನ್ನುತ್ತಾರೆ. ಅಕ್ಕಿಯನ್ನು ಮೂರು ಸಲ ಆರಿಸಿ ಬೇಯಿಸುತ್ತಾರೆ. ನಾನು ಮಧ್ಯಾಹ್ನ ಹದಿನೈದು ನಿಮಿಷ ಅಲ್ಲಿಗೆ ಹೋಗಿ ಬರುತ್ತಿದ್ದೆ. ಸಾವ್ತಾಗೆ ಗೊತ್ತಿತ್ತು, ಕೇಳಲಿಲ್ಲ.

ನಿಮ್ಮನ್ನು ಯಾರಾದರೂ ಪೆಸಾಖ್ ರಾತ್ರಿಗೆ ಕರೆದರೆ ಖಂಡಿತ ಹೋಗಿ. ಬೇಕರಿಯಿಂದ ಏನೂ ಒಯ್ಯಬೇಡಿ. ಮತ್ತೆ, ಸಂಜೆ ಐದಕ್ಕೆ ಹೊಟ್ಟೆಗೆ ಸ್ವಲ್ಪ ಏನಾದರೂ ಹಾಕಿಕೊಂಡೇ ಹೋಗಿ. ಕಥೆ, ಹಾಡು ಎಲ್ಲ ಆಗಿ ಊಟ ಮೇಜಿಗೆ ಬರುವಷ್ಟರಲ್ಲಿ ರಾತ್ರಿ ಹತ್ತಾಗಿರುತ್ತದೆ.