ರ‍್ಯಾಪ್ ಹಾಡಿನಲ್ಲಿ ದೇವರ ಹೆಸರು ಸಲ್ಲುವುದೆ?

ಪ್ರಶ್ನೆ: ಕಾಲೇಜಿನಲ್ಲಿ ಓದುತ್ತಿರುವ ನನ್ನ ಮಗ, ಅಮೆರಿಕದ ಕಪ್ಪು ಜನಾಂಗದ ಗಾಯಕರು ಯೇಸುಸ್ವಾಮಿಯ ಮೇಲೆ ಕಟ್ಟಿದ ರ‍್ಯಾಪ್ ಹಾಡುಗಳನ್ನು ದಿನವಿಡೀ ಕೇಳುತ್ತಾನೆ, ಅವನ್ನು ನಮ್ಮ ಸಭೆಯಲ್ಲಿಯೂ ಹಾಡಬೇಕೆನ್ನುತ್ತಾನೆ. ಬಂದೂಕು, ಬೈಗುಳಗಳ ಸಂಗೀತದಲ್ಲಿ ಭಕ್ತಿ ಇರಲು ಸಾಧ್ಯವೆ?
— ಓದುಗರೊಬ್ಬರು, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ತಮ್ಮ ಈ ಸಂಶಯ ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ರ‍್ಯಾಪ್ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಎದ್ದಿತ್ತು. ಶಿಕಾಗೋದಲ್ಲಿ ಬ್ಲೂಸ್ ಎಂಬ ಕಪ್ಪು ಜನರ ಲೌಕಿಕ ಸಂಗೀತವನ್ನು ಪಿಯಾನೊದಲ್ಲಿ ನುಡಿಸುತ್ತಿದ್ದ ಥಾಮಸ್ ಡಾರ್ಸಿ 1930ರ ಸುಮಾರಿಗೆ ಅದೇ ಮಟ್ಟುಗಳಿಗೆ ದೇವರ ಮಾತನ್ನು ಜೋಡಿಸಿದಾಗ, ಇದು ಹೆಂಡದಂಗಡಿಯ ಸಂಗೀತವೆಂದು ಹಲವು ಚರ್ಚುಗಳು ಬಾಗಿಲು ಹಾಕಿಕೊಂಡವು. ಇಂದು ಅದು ಗಾಸ್ಪೆಲ್ ಎಂಬ ಹೆಸರಿನಲ್ಲಿ ಅವರ ಆರಾಧನೆಯ ಜೀವಾಳವಾಗಿದೆ. (ಬಾಸೆಲ್ ಮಿಶನ್ ನಮ್ಮ ಧಾರವಾಡ-ಹುಬ್ಬಳ್ಳಿಗೆ ತಂದ ಕೀರ್ತನೆಗಳಲ್ಲಿ ಎಷ್ಟೋ ರಾಗಗಳು ಜರ್ಮನಿಯವು, ಅವೂ ಒಮ್ಮೆ ಇಲ್ಲಿಯವರ ಕಿವಿಗೆ ಪರಕೀಯವೇ ಆಗಿದ್ದಿರಬೇಕು.)

ರ‍್ಯಾಪ್ ಹಾಡಿನ ತವರಾದ ಹಿಪ್ ಹಾಪ್ ಸಂಸ್ಕೃತಿ 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ, ದುಡಿಮೆಯೂ ಸರ್ಕಾರದ ಲಕ್ಷ್ಯವೂ ಇಲ್ಲದ ಬಡ ಓಣಿಗಳಲ್ಲಿ ಹುಟ್ಟಿತು. ಬಂದೂಕು ಅದರೊಳಗೆ ಬಂದದ್ದು ಆ ಓಣಿಗಳಲ್ಲಿ ಬಂದೂಕು ಇದ್ದುದರಿಂದ. ಅದನ್ನು ಮೆರೆಸಿ ಹಣ ಮಾಡಿದವರೂ ಇದ್ದಾರೆ, ಅಲ್ಲಗಳೆಯಲಾರೆ. ಆದರೆ 1985ರಲ್ಲಿಯೇ ಸ್ಟೀಫನ್ ವೈಲಿ ಬೈಬಲ್ಲನ್ನು ರ‍್ಯಾಪ್‌ನಲ್ಲಿ ಹಾಡಿದ. ಮುಂದೆ ಲೆಕ್ರೇ ಎಂಬ ಗಾಯಕ, ಸ್ವತಃ ಮಾದಕವಸ್ತುವಿನ ದಾರಿ ತುಳಿದು ಹಿಂತಿರುಗಿದವನು, ಬಾಲಾಪರಾಧಿಗಳ ಬಂಧನಾಲಯದಲ್ಲಿ ಹುಡುಗರ ಎದುರು ಹಾಡಿದಾಗ ಉಪದೇಶಕ್ಕೆ ಕಿವಿಗೊಡದವರು ಹಾಡಿಗೆ ಕಿವಿಗೊಟ್ಟರು. ಅವನ ಧ್ವನಿಸುರುಳಿಗೆ 2013ರಲ್ಲಿ ಗಾಸ್ಪೆಲ್ ವಿಭಾಗದ ಗ್ರ್ಯಾಮಿ ಪ್ರಶಸ್ತಿ ಬಂದಿತು. ಆದರೂ ಪೊಲೀಸರ ಗುಂಡಿಗೆ ಬಲಿಯಾದ ಕಪ್ಪು ಜನರ ಮಾತನ್ನು ಅವನು ಎತ್ತಿದಾಗ ಅವನ ಬಿಳಿಯ ಅಭಿಮಾನಿಗಳಲ್ಲಿ ಅನೇಕರು ಮುನಿದರು. ಬಿಳಿಯರ ಇವ್ಯಾಂಜೆಲಿಕಲ್ (ಬೈಬಲ್ಲಿಗೂ ಸುವಾರ್ತೆ ಸಾರುವುದಕ್ಕೂ ಒತ್ತು ಕೊಡುವ ಪ್ರೊಟೆಸ್ಟಂಟ್) ವಲಯದಿಂದ ತಾನು ದೂರ ಸರಿದುದನ್ನು ಅವನು 2017ರಲ್ಲಿ ಬಹಿರಂಗವಾಗಿ ಹೇಳಿದ. ದೇವರ ಹೆಸರಿದ್ದರೆ ಸಾಕು, ಓಣಿಯ ಸಂಕಟ ಬೇಡ ಎನ್ನುವ ಕೇಳುಗರನ್ನು ಕಂಡಾಗ, ನನಗೆ ಭಕ್ತಿಯ ಕೊರತೆ ಕಾಣುವುದು ಹಾಡಿನಲ್ಲಲ್ಲ.

ಆದರೆ ಭಾನುವಾರದ ಆರಾಧನೆಯಲ್ಲಿ ಇದು ಬೇಡವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಮುದುಕರೂ ಮಕ್ಕಳೂ ಒಂದೇ ದನಿಯಾಗಿ ಹಾಡಬೇಕು, ರ‍್ಯಾಪ್ ಒಬ್ಬನ ಬಾಯಿಯ ಓಟ. ಯುವಜನರ ಕೂಟದಲ್ಲಿ ಹಾಡಲಿ, ಒಂದು ಷರತ್ತಿನ ಮೇಲೆ: ಶಿಶುನಾಳದ ಶರೀಫರು ತಮ್ಮ ಸೀಮೆಯ ಆಡುಮಾತಿನಲ್ಲಿಯೇ ತತ್ವವನ್ನು ಹೇಳಿದಂತೆ, ಅವನೂ ಅಮೆರಿಕದ ಉಚ್ಚಾರವನ್ನು ಬಿಟ್ಟು, ಕೇಶ್ವಾಪುರದ ಕನ್ನಡದಲ್ಲಿ ತಾನೇ ನಾಲ್ಕು ಸಾಲು ಕಟ್ಟಿ ಮೊದಲು ತಮ್ಮೆದುರು ಹಾಡಲಿ.