ಗ್ಯಾರೇಜ್ ಕಟ್ಟೆ: ಹೊರಗೆ ಮಿರಮಿರ, ಒಳಗೆ ಸೀಳು

ಪ್ರಶ್ನೆ: ನನ್ನ ಹತ್ತಿರ 2011ರ ಹೋಂಡಾ ಸಿಬಿಆರ್ 250ಆರ್ ಇದೆ. 68,000 ಕಿಲೋಮೀಟರ್ ಓಡಿದೆ. ಹದಿನೈದು ದಿನಕ್ಕೊಮ್ಮೆ ಕೂಲೆಂಟ್ (ಇಂಜಿನ್ ತಂಪಾಗಿಡುವ ದ್ರವ) ಬಾಟಲಿಯ ಮಟ್ಟ ಇಳಿಯುತ್ತಿದೆ. ಬೆಳಿಗ್ಗೆ ಬಗ್ಗಿ ನೋಡಿದರೆ ರೇಡಿಯೇಟರಿನ ಕೆಳಗಿನ ರಬ್ಬರ್ ಹೋಸ್ ತುದಿಯಲ್ಲಿ ತೇವ ಇರುತ್ತದೆ. ಇಂಜಿನ್ ಬಿಸಿಯಾದ ಮೇಲೆ ಏನೂ ಕಾಣುವುದಿಲ್ಲ. ಮೆಕ್ಯಾನಿಕ್ ಕ್ಲಿಪ್ ಬಿಗಿ ಮಾಡಿ, "ಒಡೆದಾಗ ನೋಡೋಣ ಬಿಡಿ ಸಾರ್" ಅಂದರು. ಡಿಸೆಂಬರ್‌ನಲ್ಲಿ ಹೆಂಡತಿಯ ಜೊತೆ ಹಂಪಿ, ಬಾದಾಮಿ, ವಿಜಯಪುರ ಸುತ್ತುವ ಯೋಚನೆ ಇದೆ. ಹೋಸ್ ಬದಲಿಸಲೇಬೇಕಾ? ನಾನೇ ಮಾಡಬಹುದಾ?
— ಆರ್.ಕೆ., ಸಾಗರ

ಉತ್ತರ: ಬದಲಿಸಲೇಬೇಕು. ನೀವೇ ಮಾಡಬಹುದು. ಆದರೆ ಸೋರುವ ಒಂದನ್ನು ಮಾತ್ರ ಅಲ್ಲ, ಎಲ್ಲವನ್ನೂ ಬದಲಿಸಿ. ಯಾಕೆ ಅಂತ ನನ್ನ ಕಥೆ ಹೇಳಿಬಿಡ್ತೀನಿ.

ಕೆಲವು ವರ್ಷಗಳ ಹಿಂದೆ ನನ್ನ ಹಳೇ ಬೈಕಿನ ಎರಡು ದೊಡ್ಡ ಹೋಸ್ ಬದಲಿಸಿದೆ. ಕೂಲೆಂಟ್ ತಳ್ಳುವ ವಾಟರ್ ಪಂಪಿನಿಂದ ಸಿಲಿಂಡರಿಗೆ ಹೋಗುವ ಗೇಣುದ್ದದ ಇನ್ನೊಂದಿತ್ತು. ಅದಕ್ಕೆ ಕೈ ಹೋಗುವುದೇ ಕಷ್ಟ. ಮೇಲಿಂದ ಟಾರ್ಚ್ ಹಾಕಿ ನೋಡಿದೆ, ಕಪ್ಪಗೆ ಮಿರಮಿರ ಅಂತಿತ್ತು. "ಇದಕ್ಕೇನಾಗಿದೆ ರೋಗ" ಅಂತ ಬಿಟ್ಟೆ. ಇಪ್ಪತ್ತೆಂಟು ವರ್ಷ ಸ್ಪ್ಯಾನರ್ ಹಿಡಿದವನು ಮಾಡುವ ಕೆಲಸವಾ ಅದು? ಸೋಮಾರಿತನ, ಬೇರೇನಿಲ್ಲ. ಅದೇ ಅಕ್ಟೋಬರ್‌ನಲ್ಲಿ ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆ. ಮುಂದೆ ಒಂದು ಲಾರಿ, ಎರಡನೇ ಗೇರಿನಲ್ಲೇ ತೆವಳಿಕೊಂಡು ಹೋಗಬೇಕು. ಹೆಲ್ಮೆಟ್ಟಿನೊಳಗೆ ಪಾಕ ಕಾಯಿಸಿದ ಹಾಗೆ ಸಿಹಿ ವಾಸನೆ ಬಂತು. ಯಾರೋ ಬೆಲ್ಲ ಕಾಯಿಸ್ತಿದ್ದಾರೆ ಅಂದುಕೊಳ್ಳುವಷ್ಟರಲ್ಲಿ ಮೊಣಕಾಲಿಗೆ ಬಿಸಿ ಹಬೆ ತಾಗಿತು. ನಿಲ್ಲಿಸಿ ನೋಡಿದರೆ ಹಸಿರು ನೀರು ರಸ್ತೆಯ ಮೇಲೆ ಹರಿಯುತ್ತಿದೆ. ಸೀಳಿದ್ದು ಅದೇ ಗೇಣುದ್ದದ್ದು.

ಮುಕ್ಕಾಲು ಗಂಟೆ ಕಾದೆ. ಫೇರಿಂಗ್ (ಬೈಕಿನ ಪ್ಲಾಸ್ಟಿಕ್ ಹೊದಿಕೆ) ಬಿಚ್ಚಿ ಸ್ಕ್ರೂಗಳನ್ನು ಹೆಲ್ಮೆಟ್ಟಿನೊಳಗೆ ಹಾಕಿದೆ. ಸೀಟಿನ ಕೆಳಗೆ ಸೈಕಲ್ ಟ್ಯೂಬಿನ ಪಟ್ಟಿ ಇಟ್ಟುಕೊಳ್ಳೋದು ನನ್ನ ಹಳೇ ಚಾಳಿ. ಅದನ್ನು ಎಳೆದೆಳೆದು ಸೀಳಿನ ಮೇಲೆ ಬಿಗಿಯಾಗಿ ಸುತ್ತಿದೆ. ಪಕ್ಕದ ಝರಿಯ ನೀರು ತುಂಬಿಸಿ, ರೇಡಿಯೇಟರ್ ಮುಚ್ಚಳವನ್ನು ಮೊದಲ ತಡೆಯವರೆಗೆ ಮಾತ್ರ ತಿರುಗಿಸಿದೆ, ಒಳಗೆ ಒತ್ತಡ ಏರದಿರಲಿ ಅಂತ. ಎರಡು ಕಡೆ ನಿಂತು, ಆರಿಸಿಕೊಂಡು, ಕೊಟ್ಟಿಗೆಹಾರ ಮುಟ್ಟಿದೆ. ಅಲ್ಲಿನ ನೀರ್ ದೋಸೆ ಅವತ್ತಿನಷ್ಟು ರುಚಿ ಇನ್ಯಾವತ್ತೂ ಅನಿಸಿಲ್ಲ. ಒಂದು ಮಾತು: ತುದಿಯಲ್ಲಿ ಸೀಳಿದ ಉದ್ದನೆಯ ಹೋಸ್ ಆಗಿದ್ದರೆ ಒಂದಿಂಚು ಕತ್ತರಿಸಿ ಮತ್ತೆ ತೂರಿಸಬಹುದಿತ್ತು. ಗಿಡ್ಡ ಹೋಸ್ ಆ ದಾರಿಯನ್ನೂ ಕೊಡುವುದಿಲ್ಲ.

ಮನೆಗೆ ಬಂದು ಆ ಹೋಸನ್ನು ಉದ್ದಕ್ಕೆ ಸೀಳಿ ನೋಡಿದೆ. ಆ ಸೀಳು ಬಿಟ್ಟರೆ ಹೊರಗೆ ಒಂದು ಗೀರೂ ಇಲ್ಲ. ಒಳಗೆ, ತುದಿಯಿಂದ ಎರಡು ಬೆರಳು ಅಗಲದೊಳಗೆ, ಉದ್ದುದ್ದಕ್ಕೆ ಬ್ಲೇಡಿನಲ್ಲಿ ಎಳೆದ ಹಾಗೆ ಬಿರುಕುಗಳು. ಹೋಸ್ ಹೆಚ್ಚಾಗಿ ಸಾಯುವುದು ಹೀಗೆಯೇ. ಲೋಹದ ಕೊಳವೆ, ಕೂಲೆಂಟ್, ರಬ್ಬರಿನೊಳಗಿನ ಕಾರ್ಬನ್ ಮೂರೂ ಸೇರಿ ಸಣ್ಣ ಬ್ಯಾಟರಿಯಂತಾಗುತ್ತವೆ. ಆ ಪುಟ್ಟ ಕರೆಂಟ್ ವರ್ಷಗಟ್ಟಲೆ ಒಳಗಿನಿಂದ ರಬ್ಬರನ್ನು ತಿನ್ನುತ್ತದೆ. ಹಾಗಾಗಿ ಹೊಳಪು ನೋಡಿ ನಂಬಬೇಡಿ. ಇಂಜಿನ್ ತಣ್ಣಗಿರುವಾಗ ಕ್ಲಿಪ್ಪಿನ ಪಕ್ಕದಲ್ಲೇ ಹೆಬ್ಬೆರಳು, ತೋರುಬೆರಳಿನಿಂದ ಹಿಚುಕಿ. ಕಳಿತ ಬಾಳೆಹಣ್ಣಿನ ಹಾಗೆ ಮೆತ್ತಗಿದ್ದರೂ ಕೆಟ್ಟಿದೆ, ಒಳಗೆ ಹಪ್ಪಳ ಮುರಿದ ಹಾಗೆ ಕರಕರ ಅಂದರೂ ಕೆಟ್ಟಿದೆ.

ಬೆಳಿಗ್ಗೆ ಮಾತ್ರ ತೇವ ಕಾಣುತ್ತದೆ ಅಂದಿರಲ್ಲ, ಅದು ಗಟ್ಟಿಯಾದ ರಬ್ಬರಿನ ಲಕ್ಷಣ. ತಣ್ಣಗಿದ್ದಾಗ ಕುಗ್ಗಿ ಸಂದು ಬಿಡುತ್ತದೆ. ಬಿಸಿಗೆ ಹಿಗ್ಗಿ ತಾನೇ ಮುಚ್ಚಿಕೊಳ್ಳುತ್ತದೆ. ಕ್ಲಿಪ್ ಇನ್ನೂ ಬಿಗಿ ಮಾಡುತ್ತಾ ಹೋದರೆ ರಬ್ಬರ್ ಕತ್ತರಿಸುತ್ತದೆ, ಅಷ್ಟೇ. ಆದರೆ ಒಂದು ಖಾತ್ರಿ ಮಾಡಿಕೊಳ್ಳಿ. ವಾಟರ್ ಪಂಪಿನ ಅಡಿಯಲ್ಲಿ ಸಣ್ಣ ತೂತಿರುತ್ತದೆ. ತೇವ ಅಲ್ಲಿಂದ ಶುರುವಾಗಿದ್ದರೆ ಕೆಟ್ಟಿರುವುದು ಪಂಪಿನ ಸೀಲ್, ಹೋಸ್ ಅಲ್ಲ.

ಈಗ ಕೆಲಸಕ್ಕೆ ಬರೋಣ. ಹೋಸ್‌ಗಳನ್ನು ಪಾರ್ಟ್ಸ್ ಪುಸ್ತಕದ ಚಿತ್ರ ನೋಡಿ, ನಂಬರ್ ಕೊಟ್ಟು ತರಿಸಿ. ಬಾಗು ಇರುವ ಹೋಸ್ ಜಾಗದಲ್ಲಿ ಅಂಗಡಿಯ ನೇರ ಪೈಪ್ ಬಗ್ಗಿಸಿ ಹಾಕಬೇಡಿ, ಮಡಿಕೆ ಬಿದ್ದು ನೀರಿನ ದಾರಿ ಮುಚ್ಚುತ್ತದೆ. ಜೊತೆಗೆ ಥರ್ಮೋಸ್ಟಾಟಿನ (ಇಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ವಾಲ್ವ್) ರಬ್ಬರ್ ರಿಂಗ್ ಮತ್ತು ಹೊಸ ರೇಡಿಯೇಟರ್ ಮುಚ್ಚಳವನ್ನೂ ತರಿಸಿ. ಮುಚ್ಚಳ ಅಂದರೆ ಸುಮ್ನೆ ಬಿರಡೆ ಅಲ್ಲ. ಎಷ್ಟೋ ಬೈಕುಗಳ ಮುಚ್ಚಳದ ಮೇಲೆ 1.1 ಅಂತ ಇರುತ್ತದೆ, ಅದು ಮುಚ್ಚಳ ತಡೆಯುವ ಒತ್ತಡ, ಬಾರ್ ಲೆಕ್ಕದಲ್ಲಿ. ಅಷ್ಟು ಒತ್ತಡದಲ್ಲಿ ಬರೀ ನೀರೂ ಕುದಿಯಲು 120 ಡಿಗ್ರಿ ದಾಟಬೇಕು. ಮುಚ್ಚಳದ ರಬ್ಬರ್ ಸತ್ತರೆ ಆ ಲಾಭವೆಲ್ಲ ಹೋಯಿತು.

ಈ ಬೈಕಿನಲ್ಲಿ ಅರ್ಧ ದಿನ ತಿನ್ನುವುದು ಹೋಸ್ ಅಲ್ಲ, ಫೇರಿಂಗ್. ಸ್ಕ್ರೂಗಳೆಲ್ಲ ಒಂದೇ ಉದ್ದ ಇರುವುದಿಲ್ಲ. ನಾನು ಮನೆಯವಳ ಹಳೇ ಇಡ್ಲಿ ತಟ್ಟೆ ಇಟ್ಟುಕೊಂಡಿದ್ದೇನೆ. ಬಿಚ್ಚಿದ ಕ್ರಮದಲ್ಲಿ ಒಂದೊಂದು ಗುಳಿಗೆ ಒಂದೊಂದು ಜಾಗದ ಸ್ಕ್ರೂ. ಪ್ಲಾಸ್ಟಿಕ್ ಹಳೆಯದು, ಮಲೆನಾಡಿನ ಚಳಿ ಬೇರೆ. ಬೈಕನ್ನು ಒಂದು ಗಂಟೆ ಎಳೆಬಿಸಿಲಿಗೆ ನಿಲ್ಲಿಸಿ ಆಮೇಲೆ ಎಳೆಯಿರಿ, ಲಾಕುಗಳು ಮುರಿಯುವುದು ಕಡಿಮೆ. ಒಮ್ಮೆ ಇಷ್ಟೆಲ್ಲ ಬಿಚ್ಚಿದ ಮೇಲೆ ಒಂದೇ ಹೋಸ್ ಹಾಕಿ ಮುಚ್ಚುತ್ತೀರಾ?

ಇಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿ ಇದ್ದಾಗ ಮುಚ್ಚಳ ತೆಗೆದು ಕೈ, ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ. ಹಳೇ ಕೂಲೆಂಟ್ ಬೇಸಿನ್‌ಗೆ ಇಳಿಸಿ ತಕ್ಷಣ ಡಬ್ಬಕ್ಕೆ ಹಾಕಿ ಮುಚ್ಚಿಡಿ. ಅದು ಸಿಹಿ, ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಬೀದಿ ನಾಯಿ ಸ್ವಲ್ಪ ನೆಕ್ಕಿದರೂ ಸಾಯಬಹುದು. ಚರಂಡಿಗೆ ಚೆಲ್ಲಬೇಡಿ.

ಹಳೇ ಹೋಸ್ ಅಂಟಿಕೊಂಡಿರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ರೇಡಿಯೇಟರಿನ ಅಲ್ಯುಮಿನಿಯಂ ಮೂತಿ ಮೆತ್ತಗಿರುತ್ತದೆ. ಅದು ನೆಗ್ಗಿದರೆ ಎಷ್ಟು ಹೊಸ ಹೋಸ್ ಹಾಕಿದರೂ ಸೋರುತ್ತದೆ. ಹೇಗೂ ಎಸೆಯುವ ಹೋಸ್ ತಾನೇ? ಬ್ಲೇಡಿನಿಂದ ಉದ್ದಕ್ಕೆ, ಲೋಹಕ್ಕೆ ತಾಗದಂತೆ ಕೊಯ್ದು ಸಿಪ್ಪೆಯ ಹಾಗೆ ಸುಲಿಯಿರಿ. ಮೂತಿಯ ಮೇಲೆ ಬಿಳಿ ಹುಡಿ ಕಟ್ಟಿರುತ್ತದೆ. ಅದರ ಬಾಯಿಗೆ ಬಟ್ಟೆ ತುರುಕಿ, ನುಣುಪು ಎಮೆರಿ ಕಾಗದದಿಂದ ಸುತ್ತಲೂ ತಿಕ್ಕಿ. ಉಗುರು ಆಡಿಸಿದರೆ ಎಲ್ಲೂ ತಡೆಯಬಾರದು. ನನ್ನ ಅನುಭವದಲ್ಲಿ ಹೊಸ ಹೋಸ್ ಹಾಕಿದ ಮೇಲೂ ಸೋರಿದ ಬೈಕುಗಳಲ್ಲಿ ಮುಕ್ಕಾಲು ಪಾಲು ಈ ತಿಕ್ಕುವ ಕೆಲಸ ತಪ್ಪಿಸಿದವು. ಆಮೇಲೆ ಬಟ್ಟೆ ತೆಗೆಯುವುದನ್ನು ಮರೆಯಬೇಡಿ, ನಗಬೇಡಿ, ಮರೆತವರಿದ್ದಾರೆ.

ಕ್ಲಿಪ್ಪನ್ನು ಮೊದಲೇ ಹೋಸಿಗೆ ಏರಿಸಿ. ಹೋಸ್ ತುದಿಗೆ ಹೊಸ ಕೂಲೆಂಟನ್ನೇ ಸವರಿ ತೂರಿಸಿ. ಗ್ರೀಸು, ಇಂಜಿನ್ ಆಯಿಲ್ ಬೇಡ, ಈ ರಬ್ಬರಿಗೆ ಎಣ್ಣೆ ತಾಗಿದರೆ ಉಬ್ಬುತ್ತದೆ. ಮೂತಿಯ ತುದಿಯಲ್ಲಿ ಉಬ್ಬು ಗೆರೆ ಇರುತ್ತದಲ್ಲ, ಕ್ಲಿಪ್ ಅದನ್ನು ದಾಟಿ ಹಿಂದೆ ಕೂರಬೇಕು. ಸ್ಕ್ರೂ ಕ್ಲಿಪ್ ಆದರೆ ಅದರ ತಲೆ ಫೇರಿಂಗ್ ಹಾಕಿದ ಮೇಲೂ ಸ್ಕ್ರೂಡ್ರೈವರಿಗೆ ಸಿಗುವ ದಿಕ್ಕಿಗೆ ಇರಲಿ.

ಕೂಲೆಂಟ್ ನಿಧಾನವಾಗಿ ಹುಯ್ಯಿರಿ. ಬೈಕನ್ನು ಎಡಕ್ಕೆ, ಬಲಕ್ಕೆ ಓಲಾಡಿಸಿ, ಹೋಸ್ ಹಿಚುಕಿ, ಗುಳುಗುಳು ಗಾಳಿ ಬರುತ್ತದೆ. ಮುಚ್ಚಳ ಹಾಕದೆ ಸ್ಟಾರ್ಟ್ ಮಾಡಿ. ಥರ್ಮೋಸ್ಟಾಟ್ ತೆರೆದ ಕೂಡಲೇ ಮಟ್ಟ ಒಮ್ಮೆ ಕುಸಿಯುತ್ತದೆ, ಆಗ ತುಂಬಿಸಿ ಮುಚ್ಚಿ. ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಕಾಯಿರಿ. ಫೇರಿಂಗ್ ಇಲ್ಲದೆಯೇ ಊರಲ್ಲಿ ಹತ್ತು ಕಿಲೋಮೀಟರ್ ಸುತ್ತಿ ಬನ್ನಿ. ಜನ ನೋಡಿ ನಗಲಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ತೇವ ಇದೆಯಾ, ಬಾಟಲಿಯ ಮಟ್ಟ ಎಷ್ಟಿದೆ ನೋಡಿ, ಆಮೇಲೆ ಫೇರಿಂಗ್ ಹಾಕಿ. ಹೊರಡುವ ಹಿಂದಿನ ದಿನ ಮಾತ್ರ ಈ ಕೆಲಸ ಹಚ್ಚಿಕೊಳ್ಳಬೇಡಿ. ನವೆಂಬರ್‌ನಲ್ಲೇ ಮುಗಿಸಿ.

ಪ್ರಶ್ನೆ: ನೀಲಿ ಬಣ್ಣದ ಸಿಲಿಕಾನ್ ಹೋಸ್ ಸೆಟ್ ಹಾಕಿಸಿದರೆ ಜೀವಮಾನವಿಡೀ ಬಾಳುತ್ತೆ ಅಂತಾರೆ. ನಿಜವಾ?
— ಎಂ., ಬೆಂಗಳೂರು

ಉತ್ತರ: ಬಿಸಿ ತಡೆಯುವುದರಲ್ಲಿ ಅದು ರಬ್ಬರಿಗಿಂತ ಗಟ್ಟಿಗ, ಬೇಗ ಬಿರುಕು ಬಿಡುವುದಿಲ್ಲ. ಆದರೆ ಅದರ ಗೋಡೆಯ ಮೂಲಕ ನೀರಿನ ಆವಿ ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುತ್ತದೆ. ಎಲ್ಲೂ ಸೋರದೆ ಬಾಟಲಿಯ ಮಟ್ಟ ಸ್ವಲ್ಪ ಇಳಿದರೆ ಗಾಬರಿ ಬೀಳಬೇಡಿ. ಎಣ್ಣೆ, ಪೆಟ್ರೋಲ್ ಅದಕ್ಕಾಗದು. ಪಟ್ಟಿಯಲ್ಲಿ ಸೀಳು ಕಿಂಡಿಗಳಿರುವ ಸಾದಾ ಕ್ಲಿಪ್ ಹಾಕಿದರೆ ಮೆತ್ತಗಿನ ಸಿಲಿಕಾನ್ ಆ ಕಿಂಡಿಗಳಿಂದ ಉಬ್ಬಿ ಹರಿಯುತ್ತದೆ. ಒಳಮೈ ನುಣುಪಾಗಿರುವ ಕ್ಲಿಪ್ಪೇ ಬೇಕು. ನನ್ನನ್ನು ಕೇಳಿದರೆ ಕಂಪನಿಯ ಕಪ್ಪು ಹೋಸೇ ಸಾಕು. ನೀಲಿ ನಿಮಗೆ ಇಷ್ಟವಾಗಿದ್ದರೆ ಹಾಕಿಸಿ, ಅದೂ ಒಂದು ಕಾರಣವೇ.

ಪ್ರಶ್ನೆ: ಕೂಲೆಂಟ್ ಕಡಿಮೆಯಾದರೆ ಬೋರ್‌ವೆಲ್ ನೀರು ಸೇರಿಸಬಹುದಾ?
— ವಿ.ಎನ್., ಕೋಲಾರ

ಉತ್ತರ: ದಾರಿಯಲ್ಲಿ ಕೈಕೊಟ್ಟಾಗ ಯಾವ ನೀರಾದರೂ ಸರಿ, ಮನೆ ಸೇರಿದ ಮೇಲೆ ಪೂರ್ತಿ ಇಳಿಸಿ ಹೊಸ ಕೂಲೆಂಟ್ ಹಾಕಿ. ಅಭ್ಯಾಸ ಮಾಡಿಕೊಳ್ಳಬೇಡಿ. ನಿಮ್ಮ ಮನೆಯ ನೀರು ಕಾಯಿಸುವ ಪಾತ್ರೆಯ ತಳ ಕೆರೆದು ನೋಡಿ, ಆ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಕ್ಯಾನ್ ತಂದಿಟ್ಟುಕೊಳ್ಳಿ. ನೀರು ಬೆರೆಸದ ಗಟ್ಟಿ ಕೂಲೆಂಟ್ (ಕಾನ್ಸಂಟ್ರೇಟ್) ಆದರೆ ಈ ನೀರನ್ನು ಅರ್ಧಕ್ಕರ್ಧ ಬೆರೆಸಿ. ಬೆರೆಸಿಯೇ ಬಂದ ರೆಡಿಮಿಕ್ಸ್ ಆದರೆ ಒಂದು ಹನಿ ನೀರೂ ಸೇರಿಸಬೇಡಿ.