ಅವರ ಮನಸ್ಸು ತಿರುಗಿಸುವ ಸಿನಿಮಾ ಯಾವುದು?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರರ ಮನೆಯ ಸೊಸೆ. ಕೊಯ್ಲು ಶುರುವಾದರೆ ಸುಲಿಯುವವರ ಲೆಕ್ಕ, ಅವರ ಊಟ-ಕಾಫಿ, ಅಡಿಕೆ ಬೇಯಿಸುವ ಉಸ್ತುವಾರಿ ಎಲ್ಲವೂ ನನ್ನದೇ. ಆದರೆ ನೆಂಟರೆದುರು ನಮ್ಮನೆಯವರು ಹೇಳುವುದು ‘ಎಲ್ಲ ದೇವರ ದಯೆ, ಅಪ್ಪ ಮಾಡಿಟ್ಟ ತೋಟ’ ಎಂದಷ್ಟೇ. ಗಿರೀಶ ಕಾಸರವಳ್ಳಿಯವರ ‘ದ್ವೀಪ’ ನೋಡಿ ಇದು ನನ್ನದೇ ಕಥೆ ಎನ್ನಿಸಿ, ಅವರಿಗೂ ತೋರಿಸಿದೆ. ಅರ್ಧಕ್ಕೇ ಎದ್ದು ‘ನನಗೇ ಪಾಠ ಹೇಳುತ್ತೀಯಾ?’ ಎಂದರು. ಆಮೇಲೆ ಮಾತೂ ಕಡಿಮೆಯಾಗಿದೆ. ಅವರ ಮನಸ್ಸು ತಿರುಗಿಸುವಂಥ ಬೇರೆ ಸಿನಿಮಾ ಇದ್ದರೆ ತಿಳಿಸಿ.

ಉತ್ತರ: ನಿಮ್ಮ ನೋವಿಗೆ ಕಾರಣವಿದೆ. ಅಡಿಕೆ ಬೇಯಿಸುವ ಕಂದು ನೀರಾದ ಚೊಗರಿನ ಹದ ತಪ್ಪಿದರೆ ಆ ಹಂಡೆಯಷ್ಟೂ ಅಡಿಕೆಯ ಬಣ್ಣ ಕೆಟ್ಟು ಮಂಡಿಯಲ್ಲಿ ದರ ಬೀಳುತ್ತದೆ. ಆ ಹದವನ್ನು ರಾತ್ರಿ ನಿದ್ದೆಗೆಟ್ಟು ಕಾಯುವವರು ನೀವಾಗಿರುವಾಗ, ನಿಮ್ಮ ಹೆಸರೇ ಬಾರದ ಮಾತು ಚುಚ್ಚದೆ ಇರುವುದಿಲ್ಲ. ಆದರೂ ಇನ್ನೊಂದು ಸಿನಿಮಾ ಹುಡುಕಬೇಡಿ ಎಂದೇ ನಾನು ಹೇಳುತ್ತೇನೆ. ತಾನಾಗಿ ನೋಡಲು ಕುಳಿತವರಿಗೆ ಮಾತ್ರ ಸಿನಿಮಾ ಏನನ್ನಾದರೂ ಕಲಿಸಬಲ್ಲದು. ತನ್ನನ್ನು ತಿದ್ದಲೆಂದೇ ಕೂರಿಸಿದ್ದಾರೆ ಎಂದು ಗೊತ್ತಾದವನಿಗೆ ತೆರೆಯ ಮೇಲಿನ ಪ್ರತಿಯೊಂದು ದೃಶ್ಯವೂ ದೂರಿನಂತೆಯೇ ಕಾಣುತ್ತದೆ.

‘ದ್ವೀಪ’ವನ್ನು ನೀವೊಬ್ಬರೇ ಮತ್ತೊಮ್ಮೆ ನೋಡಿ. ಸಾಗರದ ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿ 2002ರಲ್ಲಿ ಬಂದ ಈ ಚಿತ್ರದಲ್ಲಿ, ಅಣೆಕಟ್ಟಿನಿಂದ ಏರುತ್ತಿರುವ ನೀರಿನ ನಡುವೆ ಮನೆಯನ್ನು ಉಳಿಸಿಕೊಳ್ಳಲು ಸೌಂದರ್ಯ ಅಭಿನಯಿಸಿದ ನಾಗಿ ಎಷ್ಟು ಹೆಣಗಿದರೂ ಗಂಡ ಗಣಪನಿಗೆ ಅದರಲ್ಲಿ ಕಾಣುವುದು ದೈವದ ಕೃಪೆ ಮಾತ್ರ. ನೀವು ನಾಗಿಯನ್ನು ಸರಿಯಾಗಿ ಗುರುತಿಸಿದ್ದೀರಿ. ಈ ಬಾರಿ ಗಣಪನನ್ನೂ ಗಮನಿಸಿ. ಆತ ಕೆಟ್ಟವನಲ್ಲ, ಮುಳುಗಡೆ ನೆಲವನ್ನೇ ಕಿತ್ತುಕೊಳ್ಳುತ್ತಿರುವಾಗ ಆತನ ಕೈಯಲ್ಲಿ ಉಳಿದಿರುವುದು ನಂಬಿಕೆಯೊಂದೇ. ಮಳೆ ನಾಲ್ಕು ದಿನ ಹೆಚ್ಚು ಹಿಡಿದರೆ ಕೊಳೆರೋಗ ಬಂದು ಫಸಲು ನೆಲಕ್ಕುದುರುವ ನಮ್ಮ ಕಡೆಯ ತೋಟಗಾರರಿಗೂ ‘ದೇವರ ದಯೆ’ ಎಂಬ ಮಾತು ಬರುವುದು ಬಹುಮಟ್ಟಿಗೆ ಭಯದಿಂದ. ನಿಮ್ಮ ಯಜಮಾನರದ್ದು ತಾತ್ಸಾರವೇ ಇರಬೇಕೆಂದಿಲ್ಲ. ಹಾಗೆಂದು ಸುಮ್ಮನಿರಿ ಎನ್ನುತ್ತಿಲ್ಲ. ಕಾರಣ ಅರ್ಥವಾದರೆ ಮಾತಿಗೆ ಹರಿತ ಕಡಿಮೆಯಾಗುತ್ತದೆ, ಅಷ್ಟೇ.

ಸುಲಿಯುವವರೆಲ್ಲ ಹೋದ ಮೇಲೆ, ಅತ್ತೆ-ಮಾವ ಎದುರಿಗಿಲ್ಲದ ಹೊತ್ತಿನಲ್ಲಿ, ನಾಗಿಯ ಹೆಸರು ಎತ್ತದೆ ನಿಮ್ಮ ಮಾತಿನಲ್ಲೇ ಹೇಳಿ: ನೆಂಟರ ಮುಂದೆ ಹಾಗೆಂದಾಗ ನನಗೆ ಹೀಗಾಯಿತು ಎಂದು. ಹೊಗಳಿಕೆಯನ್ನು ಕೇಳುವುದಕ್ಕಿಂತ ಪಾಲನ್ನು ಕೇಳುವುದು ಮೇಲು. ಅಡಿಕೆಯನ್ನು ಯಾವಾಗ ಮಾರಬೇಕು ಎನ್ನುವ ತೀರ್ಮಾನದಲ್ಲಿ ನಿಮ್ಮ ಮಾತೂ ಇರಲಿ, ಹಣ ಬರುವ ಬ್ಯಾಂಕ್ ಖಾತೆಯಲ್ಲಿ ನಿಮ್ಮ ಹೆಸರೂ ಸೇರಲಿ ಎಂದು ಸ್ಪಷ್ಟವಾಗಿ ಕೇಳಿ.

ಜೊತೆಯಾಗಿ ನೋಡಲು ಸಿನಿಮಾ ಬೇಕೆಂದರೆ 1985ರ ‘ಬೆಟ್ಟದ ಹೂವು’ ನೋಡಿ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂದು ಕಾಡಿನ ಹೂ ಮಾರಿ ಕಾಸು ಕೂಡಿಡುವ ಹುಡುಗ, ಕಡೆಗೆ ಆ ಹಣದಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. ಅದನ್ನು ತ್ಯಾಗದ ಕಥೆ ಎಂದು ಹೇಳುವವರೇ ಹೆಚ್ಚು. ನನಗೆ ದೊಡ್ಡದಾಗಿ ಕಾಣುವುದು, ಆ ಹಣವನ್ನು ಏನು ಮಾಡಬೇಕೆಂದು ನಿರ್ಧರಿಸಿದವನು ದುಡಿದ ಹುಡುಗನೇ ಎಂಬುದು. ಆದರೆ ಇದನ್ನು ಯಜಮಾನರಿಗೆ ವಿವರಿಸಲು ಹೋಗಬೇಡಿ. ಮೊದಲು ಮಾತುಕತೆ ಆಗಲಿ. ಸಿನಿಮಾ ಅದಾದ ಮೇಲೆ, ಅವರಿಗೂ ಬಿಡುವಿರುವ ಒಂದು ಸಂಜೆ.